ಅವಳು 16 ಸುತ್ತು ಓಡಿದಳು: ಶಾಲಾ ಕ್ರೀಡಾಕೂಟ ನಡೆಸುವವರಿಗೊಂದು ಬಹಿರಂಗ ಪತ್ರ

ಕಾಸರಗೋಡಿನ ಶಾಲಾ ಮಕ್ಕಳ ಕ್ರೀಡಾಕೂಟಗಳ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ, ಸಂಘಟಕರಿಗೆ,

ಮಾನ್ಯರೇ,

ಈ ಪತ್ರ ಬರೆಯುವಾಗ ನನ್ನ ಮೇಜಿನ ಮೇಲೆ 15 ಮಂಜೊಟ್ಟಿ ಕಾಯಿ ಇವೆ. ಆಟಿ ತಿಂಗಳಲ್ಲಿ ಚೆನ್ನೆಮಣೆ ಆಡುತ್ತೇವಲ್ಲ, ಅದೇ ಕೆಂಪು ಕಾಯಿ. ನಮ್ಮ ಕಡೆ ಶಾಲೆಗಳ ಮೈದಾನದಲ್ಲಿ ಒಂದು ಸುತ್ತು ಅಂದರೆ ಹೆಚ್ಚಾಗಿ 200 ಮೀಟರ್. 3000 ಮೀಟರ್ ಓಟಕ್ಕೆ 15 ಸುತ್ತು. ಓಟ ಶುರುವಾಗುವ ಮೊದಲು ಅಷ್ಟೂ ಕಾಯಿಯನ್ನು ಎಡಗೈಯಲ್ಲಿ ಹಿಡಿಯುತ್ತೇನೆ. ನಮ್ಮ ಹುಡುಗಿ ಗೆರೆ ದಾಟಿದ ಹಾಗೆ ಒಂದೊಂದನ್ನೇ ಬಲಗೈಗೆ ದಾಟಿಸುತ್ತೇನೆ. ಎಡಗೈ ಖಾಲಿಯಾದರೆ ಓಟ ಮುಗಿಯಿತು. ಕಾಗದ, ಪೆನ್ನು ಹಿಡಿದರೆ ಕಣ್ಣು ಕೆಳಗೆ ಹೋಗುತ್ತದೆ. ಕಾಯಿ ಹಿಡಿದರೆ ಕಣ್ಣು ಮಗುವಿನ ಮೇಲೇ ಇರುತ್ತದೆ.

ನಾನು ಗಡಿಭಾಗದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಗಣಿತ ಕಲಿಸುವವಳು. ಮಕ್ಕಳ ಸಂಖ್ಯೆ ಕಡಿಮೆ ಎಂದು ನಮ್ಮಲ್ಲಿ ಪಿ.ಟಿ. ಮಾಸ್ತರರ ಹುದ್ದೆ ಇಲ್ಲ. ಹಾಗಾಗಿ ಮಕ್ಕಳನ್ನು ಕೂಟಕ್ಕೆ ಕರೆದುಕೊಂಡು ಹೋಗುವುದು, ಚೆಸ್ಟ್ ನಂಬರಿಗೆ ಪಿನ್ ಚುಚ್ಚುವುದು, ಕಾಲು ಉಳುಕಿದರೆ ಐಸ್ ಹುಡುಕುವುದು, ಎಲ್ಲ ನನ್ನ ಪಾಲಿಗೆ ಬಂದಿದೆ. ಅದರ ಬಗ್ಗೆ ನನಗೆ ಬೇಸರ ಇಲ್ಲ. ಸಂಜೆ ನಾಲ್ಕರ ನಂತರ ಮಕ್ಕಳ ಜೊತೆ ಮೈದಾನದಲ್ಲಿ ಕಳೆಯುವ ಒಂದು ಗಂಟೆಯೇ ನನ್ನ ದಿನದ ಒಳ್ಳೆಯ ಗಂಟೆ.

ಈ ವರ್ಷದ ಒಂದು ಕೂಟದಲ್ಲಿ ನಡೆದದ್ದನ್ನು ನಿಮ್ಮ ಮುಂದೆ ಇಡಬೇಕಾಗಿದೆ. ಯಾವ ಕೂಟ, ಯಾವ ಮೈದಾನ ಎಂದು ಇಲ್ಲಿ ಬರೆಯುವುದಿಲ್ಲ. ಯಾರನ್ನೋ ಹತ್ತು ಜನರ ಮುಂದೆ ನಿಲ್ಲಿಸಿ ನಾಚಿಸುವ ಉದ್ದೇಶ ನನಗಿಲ್ಲ. ಅಲ್ಲಿ ಕೆಲಸ ಮಾಡಿದವರೂ ನನ್ನ ಹಾಗೆಯೇ ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಂತ ಟೀಚರುಗಳು, ಮಾಸ್ತರುಗಳು. ಆದರೆ ಏನಾಯಿತು ಎನ್ನುವುದು ನಿಮಗೆ ತಿಳಿಯಬೇಕು.

ಹುಡುಗಿಯರ 3000 ಮೀಟರ್ ಓಟ ಮಧ್ಯಾಹ್ನ ಮೂರೂವರೆಗೆ ಎಂದು ಮುದ್ರಿಸಿದ ಪಟ್ಟಿಯಲ್ಲಿ ಇತ್ತು. ನಮ್ಮ ಶಾಲೆಯಿಂದ ಇಬ್ಬರು. ಮಕ್ಕಳಾದ್ದರಿಂದ ಅವರ ಹೆಸರು ಬೇಡ. ದೊಡ್ಡವಳು, ಚಿಕ್ಕವಳು ಎನ್ನುತ್ತೇನೆ. ಇಬ್ಬರೂ ಒಂಬತ್ತನೇ ಕ್ಲಾಸು, ಹುಟ್ಟಿದ್ದರಲ್ಲಿ ನಾಲ್ಕು ತಿಂಗಳ ಅಂತರ ಅಷ್ಟೇ. ದೊಡ್ಡವಳ ಅಪ್ಪ ಬೇರೆಯವರ ತೋಟದಲ್ಲಿ ಅಡಿಕೆ ಕೊಯ್ಯಲು ಹೋಗುತ್ತಾರೆ. ಚಿಕ್ಕವಳ ಮನೆಯಿಂದ ಬಸ್ಸು ನಿಲ್ಲುವ ಜಾಗಕ್ಕೆ ಗುಡ್ಡ ಇಳಿದು ಮುಕ್ಕಾಲು ಗಂಟೆ ದಾರಿ. ಓಟ ಅವರಿಗೆ ಕೂಟಕ್ಕಾಗಿ ಕಲಿತದ್ದಲ್ಲ.

ಹನ್ನೆರಡಕ್ಕೆ ಸ್ವಲ್ಪ ಮೊದಲು ಮೈಕಿನಲ್ಲಿ ಒಂದು ಪ್ರಕಟಣೆ ಬಂತು. ಮಲಯಾಳದಲ್ಲಿ ಮಾತ್ರ. ಮಧ್ಯಾಹ್ನದ ನಂತರ ಅತಿಥಿಗಳು ಬರುತ್ತಾರೆ, ಸಭೆ ಇದೆ, ಆದ್ದರಿಂದ ಹುಡುಗಿಯರ 3000 ಮೀಟರನ್ನು ಹನ್ನೆರಡೂವರೆಗೆ ಮುಗಿಸುತ್ತೇವೆ, ಓಡುವವರು ಕಟ್ಟಡದ ಹಿಂದಿನ ಕಾಲ್ ರೂಮಿಗೆ, ಅಂದರೆ ಓಟಕ್ಕೆ ಮೊದಲು ಹೆಸರು ಕರೆದು ಸೇರಿಸುವ ಕೋಣೆಗೆ, ಬರಬೇಕು ಎಂದು. ನಾನು ಆಗ ಲಾಂಗ್ ಜಂಪಿನ ಹೊಂಡದ ಹತ್ತಿರ ಇನ್ನೊಂದು ಮಗುವಿನ ಜೊತೆ ಇದ್ದೆ. ಇಬ್ಬರು ಹುಡುಗಿಯರೂ ಹಲಸಿನ ಮರದ ಕೆಳಗೆ ಕೂತು ಊಟ ಮಾಡುತ್ತಿದ್ದರು. ಓಟ ಮೂರೂವರೆಗೆ ಎಂದು ನಾನೇ ಊಟ ಬಡಿಸಿಕೊಟ್ಟು ಹೋಗಿದ್ದೆ.

ಇಲ್ಲಿ ಒಂದು ಮಾತು ಹೇಳಬೇಕು. 'ಮೂವಾಯಿರಂ ಮೀಟರ್' ಎಂದರೆ ನಮ್ಮ ಮಕ್ಕಳಿಗೂ ಗೊತ್ತಾಗುತ್ತದೆ. ಪೇಟೆಯಲ್ಲಿ, ಬಸ್ಸಿನಲ್ಲಿ ಕೇಳಿ ಅಷ್ಟು ಮಲಯಾಳ ಎಲ್ಲರಿಗೂ ಬರುತ್ತದೆ. ಓಟದ ಹೆಸರು ಅವರ ಕಿವಿಗೆ ಬಿದ್ದಿತ್ತು. ಹೊತ್ತು ಬದಲಾಗಿದೆ, ಕಾರಣ ಇಂಥದ್ದು, ಹೋಗಬೇಕಾದ ಜಾಗ ಇಂಥದ್ದು ಎನ್ನುವ ಉದ್ದದ ಮಾತು ತಲೆಗೆ ಹೋಗಲಿಲ್ಲ. ಮೂರೂವರೆಯ ಓಟದ ಬಗ್ಗೆ ಏನೋ ನೆನಪು ಮಾಡುತ್ತಿದ್ದಾರೆ ಅಂದುಕೊಂಡರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುವ ಹದಿನಾಲ್ಕು ವರ್ಷದ ಮಕ್ಕಳು ಅಷ್ಟು ತಿಳಿದುಕೊಂಡದ್ದೇ ದೊಡ್ಡದು, ಅಲ್ವಾ?

ಕೊನೆಗೆ ಓಡಿಬಂದು ಹೇಳಿದ್ದು ಬೇರೆ ಶಾಲೆಯ ಒಬ್ಬಳು ಮಲಯಾಳಿ ಹುಡುಗಿ. ಅವಳೂ ಅದೇ ಓಟಕ್ಕೆ ಹೆಸರು ಕೊಟ್ಟವಳು. ಇಬ್ಬರು ಎದುರಾಳಿಗಳು ತಪ್ಪಿದರೆ ಅವಳಿಗೇ ಲಾಭ ಇತ್ತು. ಆದರೂ ಬಂದು ದೊಡ್ಡವಳ ಕೈ ಹಿಡಿದು ಎಳೆದುಕೊಂಡು ಹೋದಳು. ಆ ಮಗುವನ್ನು ನಾನು ಮರೆಯುವುದಿಲ್ಲ.

ಚಿಕ್ಕವಳು ಕೈ ತೊಳೆದು, ಶೂ ಹಾಕಿಕೊಂಡು ಹೋಗುವಷ್ಟರಲ್ಲಿ ಪಟ್ಟಿಯಲ್ಲಿ ಅವಳ ಹೆಸರಿಗೆ ಗೆರೆ ಎಳೆದಾಗಿತ್ತು. ಮೂರು ಸಲ ಕರೆದೆವು, ಬರಲಿಲ್ಲ ಎಂದರು. ನಾನು ಓಡಿಹೋಗಿ ಕೇಳಿಕೊಂಡೆ. ಹುಡುಗಿಯರು ಇನ್ನೂ ಗೆರೆಯ ಹತ್ತಿರ ನಿಂತೇ ಇದ್ದರು, ಓಟ ಶುರುವಾಗಿರಲಿಲ್ಲ. ಆದರೂ ಬಿಡಲಿಲ್ಲ. ಅವಳು ಅಳಲಿಲ್ಲ. ಚೆಸ್ಟ್ ನಂಬರನ್ನು ಅಂಗಿಯಿಂದ ಬಿಡಿಸಿ, ನಾಲ್ಕು ಪಿನ್ನುಗಳನ್ನೂ ಒಂದೊಂದಾಗಿ ಮುಚ್ಚಿ ನನ್ನ ಕೈಗೆ ಕೊಟ್ಟಳು. ಪಿನ್ನು ಶಾಲೆಯದ್ದು, ವಾಪಸು ಕೊಡಬೇಕು ಎಂದು ನಾನೇ ಹೇಳಿಕೊಟ್ಟಿದ್ದೆ.

ಇನ್ನು ಓಟದ ವಿಷಯ.

ಗೆರೆಯಲ್ಲಿ 11 ಹುಡುಗಿಯರು. ನೆತ್ತಿಯ ಮೇಲೆ ಸೂರ್ಯ. ಮುರಕಲ್ಲಿನ ಕೆಂಪು ಮಣ್ಣು ಕಾದು ಹೋಗಿತ್ತು. ಸುತ್ತು ಎಣಿಸಲು ಇದ್ದವರು ಒಬ್ಬರೇ. ಅವರ ಕೈಯಲ್ಲಿ ಒಂದು ಕಾಗದ, ಅದರ ಮೇಲೆ ಮೊದಲು ಬರುವವಳಿಗೆ ಮಾತ್ರ ಒಂದೊಂದು ಗೀಟು. ಎಷ್ಟು ಸುತ್ತು ಉಳಿದಿದೆ ಎಂದು ತೋರಿಸುವ ಬೋರ್ಡ್ ಇರಲಿಲ್ಲ. ಆರನೇ ಸುತ್ತಿನ ಹೊತ್ತಿಗೆ ದೊಡ್ಡವಳು ಮುಂದೆ ಬಂದಳು. ಎಂಟನೇ ಸುತ್ತಿನಲ್ಲಿ, ಒಂದಿಡೀ ಸುತ್ತು ಹಿಂದುಳಿದ ಇಬ್ಬರನ್ನು ಅವಳು ದಾಟಿದಳು. ಅದೇ ಹೊತ್ತಿಗೆ ಯಾರೋ ಬಂದು ಶಾಟ್‌ಪುಟ್‌ನ ಫಲಿತಾಂಶ ಕೇಳಿದರು, ಎಣಿಸುವವರು ಆ ಕಡೆ ತಿರುಗಿ ಉತ್ತರ ಕೊಟ್ಟರು. ತಿರುಗಿ ನೋಡಿದಾಗ ಮುಂದಿರುವವಳು ಯಾರು, ಹಿಂದೆ ಬಿದ್ದವಳು ಯಾರು ಎಂದು ಬೆರೆತುಹೋಯಿತು. ಒಂದು ಗೀಟು ಬಿಟ್ಟುಹೋಯಿತು. ಅದನ್ನು ನಾನು ಹತ್ತು ಹೆಜ್ಜೆ ದೂರದಲ್ಲಿ ನಿಂತು ಕಣ್ಣಾರೆ ನೋಡಿದೆ. ಹೋಗಿ ಹೇಳಿದೆ. ನೀವು ಗೆರೆಯ ಒಳಗೆ ಬರಬೇಡಿ ಎಂದರು. ನಿಯಮ ಅದೇ, ಸರಿ. ಆಚೆ ಬಂದೆ.

14 ಕಾಯಿ ಬಲಗೈಗೆ ಬಂದಾಗ ಗಂಟೆ ಹೊಡೆಯಬೇಕಿತ್ತು. ಹೊಡೆಯಲಿಲ್ಲ. ದೊಡ್ಡವಳು ತಾನೂ ಎಣಿಸಿಕೊಂಡೇ ಓಡುತ್ತಿದ್ದಳು. ನನ್ನ ಕಡೆ ನೋಡಿದಳು. ನಾನು 'ಕೊನೇದು, ಕೊನೇದು!' ಎಂದು ಕೂಗಿದೆ. ಮೈಯಲ್ಲಿ ಉಳಿದ ಶಕ್ತಿಯನ್ನೆಲ್ಲ ಹಾಕಿ ಓಡಿದಳು. ಎರಡನೆಯವಳು ಹದಿನೈದು ಮೀಟರು ಹಿಂದೆ. ಗೆರೆ ದಾಟಿದವಳೇ ಮೊಣಕಾಲೂರಿ ಕೂತುಬಿಟ್ಟಳು. ಆಗ ಗಂಟೆ ಹೊಡೆಯಿತು. ಇನ್ನೊಂದು ಸುತ್ತಿದೆ, ಓಡು, ಓಡು ಎಂದು ಎಲ್ಲರೂ ಕೂಗಿದರು. ಗಂಟೆಯ ಮೇಲೆ ಭರವಸೆ ಇಟ್ಟು ಓಡುತ್ತಿದ್ದ ಹುಡುಗಿಯರು ಅವಳನ್ನು ದಾಟಿ ಹೋದರು. ತಪ್ಪು ಅವರದ್ದಲ್ಲ. ದೊಡ್ಡವಳು ಎದ್ದಳು. ಮಣ್ಣು ಮೆತ್ತಿದ ಮೊಣಕಾಲಿನಲ್ಲೇ ಹದಿನಾರನೇ ಸುತ್ತು ಓಡಿದಳು. ಅರ್ಧದಲ್ಲಿ ತಿಂದ ಊಟ ಹೊರಗೆ ಬಂತು. ಬಾಯಿ ಒರೆಸಿಕೊಂಡು ಮತ್ತೆ ಓಡಿದಳು. ನಾಲ್ಕನೆಯವಳಾಗಿ ಬಂದಳು. ಮುಂದಿನ ಹಂತಕ್ಕೆ ಹೋಗುವ ದಾರಿ ಅಲ್ಲಿಗೆ ಮುಚ್ಚಿತು.

ನನ್ನ ಬಲಗೈ ಬಿಚ್ಚಿ ನೋಡಿದೆ. 15 ಕಾಯಿ. ಒಬ್ಬ ಮಗುವಿನ ತಂದೆ ಓಟವನ್ನು ಶುರುವಿನಿಂದ ಕೊನೆಯವರೆಗೆ ಮೊಬೈಲಿನಲ್ಲಿ ಹಿಡಿದಿದ್ದರು. ಅದನ್ನು ಎರಡು ಸಲ ನೋಡಿದೆವು. ದೊಡ್ಡವಳು 15 ಸುತ್ತು ಮುಗಿಸಿದ್ದು 12 ನಿಮಿಷ 4 ಸೆಕೆಂಡಿಗೆ. ಫಲಿತಾಂಶದ ಹಾಳೆಯಲ್ಲಿ ಗೆದ್ದವಳ ಹೆಸರಿನ ಮುಂದೆ 12 ನಿಮಿಷ 58 ಸೆಕೆಂಡ್ ಎಂದಿದೆ. ಅದು 3200 ಮೀಟರಿನ ಸಮಯ. ಗೆದ್ದ ಮಗುವಿಗೂ ಇದರಿಂದ ನಷ್ಟ. ಅವಳು ನಿಜಕ್ಕೂ 12 ನಿಮಿಷ ಚಿಲ್ಲರೆಯಲ್ಲಿ 3000 ಓಡಿದವಳು. ದಾಖಲೆಯಲ್ಲಿ ಸುಮ್ನೆ ಮುಕ್ಕಾಲು ನಿಮಿಷಕ್ಕಿಂತ ಜಾಸ್ತಿ ನಿಧಾನವಾಗಿಬಿಟ್ಟಳು.

ವಿಡಿಯೋ ತೋರಿಸಿದೆ. ಮೊಬೈಲಿನದ್ದು ನೋಡುವುದಿಲ್ಲ ಎಂದರು. ಕನ್ನಡದಲ್ಲಿ ದೂರು ಬರೆದು ಕೊಟ್ಟೆ. ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬರೆದು ತನ್ನಿ ಎಂದರು. ಇಂಗ್ಲಿಷಿನಲ್ಲಿ ಬರೆದು ತರುವಾಗ ದೂರು ಕೊಡುವ ಹೊತ್ತು ಮುಗಿದಿತ್ತು.

ಮಾನ್ಯರೇ, ಈ ಕೂಟಕ್ಕಿಂತ ಕೆಲವೇ ವಾರ ಮೊದಲು, 2025ರ ಸೆಪ್ಟೆಂಬರ್ 13ರ ಶನಿವಾರ ಸಂಜೆ, ಈ ಇಬ್ಬರೂ ನನ್ನ ಮನೆಯಲ್ಲಿದ್ದರು. ಟೋಕಿಯೊದಲ್ಲಿ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಶಿಪ್‌ನ ಮೊದಲ ದಿನ. ಹೆಂಗಸರ 10,000 ಮೀಟರ್ ಫೈನಲ್. 25 ಸುತ್ತು. ಮೂವರೂ ಒಂದೇ ಮೊಬೈಲಿಗೆ ತಲೆ ಕೊಟ್ಟು ನೋಡಿದೆವು. ಕೆನ್ಯಾದ ಬಿಯಾಟ್ರಿಸ್ ಚೆಬೆಟ್ 30 ನಿಮಿಷ 37.61 ಸೆಕೆಂಡಿನಲ್ಲಿ ಗೆದ್ದರು. ಇಟಲಿಯ ನಾಡಿಯಾ ಬಟ್ಟೊಕ್ಲೆಟ್ಟಿ 30 ನಿಮಿಷ 38.23. ಅರ್ಧ ಗಂಟೆ ಓಡಿದ ಮೇಲೆ ಚಿನ್ನಕ್ಕೂ ಬೆಳ್ಳಿಗೂ ನಡುವೆ ಇದ್ದದ್ದು 0.62 ಸೆಕೆಂಡ್. ಇಥಿಯೋಪಿಯಾದ ಗುಡಾಫ್ ತ್ಸೆಗೆ ಮೂರನೆಯವರು. ಒಂದು ವಾರದ ನಂತರ 5000 ಮೀಟರ್ ಕೂಡ ಚೆಬೆಟ್ ಗೆದ್ದರು. ಹಿಂದಿನ ವರ್ಷ ಪ್ಯಾರಿಸ್ ಒಲಿಂಪಿಕ್ಸಿನಲ್ಲೂ ಎರಡೂ ಅವರದ್ದೇ. 10,000 ಮೀಟರನ್ನು 29 ನಿಮಿಷದೊಳಗೆ ಓಡಿದ ಮೊದಲ ಹೆಂಗಸು ಅವರು, 2024ರ ಮೇ ತಿಂಗಳಲ್ಲಿ, 28 ನಿಮಿಷ 54.14 ಸೆಕೆಂಡ್. ಮರುದಿನ ಶಾಲೆಗೆ ರಜೆ. ಸೋಮವಾರ ಬೋರ್ಡಿನ ಮೇಲೆ ಇದನ್ನೇ ಲೆಕ್ಕ ಕೊಟ್ಟೆ. ನಮ್ಮ 200 ಮೀಟರಿನ ಮೈದಾನದಲ್ಲಾದರೆ 50 ಸುತ್ತು, ಪ್ರತಿ ಸುತ್ತಿಗೂ 35 ಸೆಕೆಂಡಿಗಿಂತ ಕಡಿಮೆ. ದೊಡ್ಡವಳು ಒಂದು ಸುತ್ತಿಗೆ 48 ಸೆಕೆಂಡ್ ತೆಗೆದುಕೊಳ್ಳುತ್ತಾಳೆ. ಆ ಸಂಜೆ ಒಂದೇ ಒಂದು ಸುತ್ತನ್ನು 35ರೊಳಗೆ ಓಡಿ ನೋಡುತ್ತೇನೆ ಎಂದು ಹಟ ಹಿಡಿದಳು.

ಟೋಕಿಯೊದ ಓಟ ನೋಡುವಾಗ ಅವಳ ಕಣ್ಣು ಹೋದದ್ದು ಗೆರೆಯ ಪಕ್ಕದ ಬೋರ್ಡಿನ ಮೇಲೆ. ಅದರಲ್ಲಿ ಉಳಿದ ಸುತ್ತಿನ ಅಂಕೆ. 'ಟೀಚರ್, ಇವರಿಗೆ ಲೆಕ್ಕ ತಪ್ಪುವುದೇ ಇಲ್ಲ ಅಲ್ವಾ? ಓಡಿದರೆ ಸಾಕು' ಎಂದಳು. ಕೂಟ ಮುಗಿದು ಬಸ್ಸಿನಲ್ಲಿ ಬರುವಾಗ ಆ ಮಾತು ನನ್ನ ತಲೆಯಲ್ಲೇ ಕೊರೆಯುತ್ತಿತ್ತು.

ಲೆಕ್ಕ ತಪ್ಪುವುದು ದೊಡ್ಡವರಿಗೂ ಇದೆ. 2019ರ ಜುಲೈಯಲ್ಲಿ ಸ್ವಿಟ್ಜರ್ಲೆಂಡಿನ ಲೂಸಾನ್‌ನ 5000 ಮೀಟರ್ ಓಟದಲ್ಲಿ ಇಥಿಯೋಪಿಯಾದ ಹಾಗೋಸ್ ಗೆಬ್ರಿವೆಟ್ ಒಂದು ಸುತ್ತು ಬಾಕಿ ಇರುವಾಗಲೇ ಗೆದ್ದೆ ಎಂದು ಕೈ ಎತ್ತಿ ನಿಂತುಬಿಟ್ಟರು. ಒಲಿಂಪಿಕ್ ಪದಕ ಗೆದ್ದವರು ಅವರು. ಉಳಿದವರು ದಾಟಿ ಹೋದರು, ಅವರು ಹತ್ತನೆಯವರಾದರು. ಉಸಿರು ಕಟ್ಟಿ ಓಡುವವರಿಗೆ ಎಣಿಕೆ ತಪ್ಪುವುದು ಸಹಜ. ಅದಕ್ಕೇ ಎಣಿಸುವವರು ಬೇರೆ ಇರಬೇಕು ಎಂದು ನಿಯಮ ಇರುವುದು. ವಿಶ್ವ ಅಥ್ಲೆಟಿಕ್ಸ್ ನಿಯಮದ ಪ್ರಕಾರ 1500 ಮೀಟರಿಗಿಂತ ಉದ್ದದ ಓಟದಲ್ಲಿ ಮೊದಲಿಗಳದ್ದು ಮಾತ್ರವಲ್ಲ, ಓಡುವ ಪ್ರತಿಯೊಬ್ಬರ ಸುತ್ತನ್ನೂ ಎಣಿಸಬೇಕು. 5000 ಮೀಟರ್ ಮತ್ತು ಮೇಲಿನ ಓಟಗಳಲ್ಲಿ ಕಾರ್ಡ್ ಹಿಡಿದು ಎಣಿಸುವ ಒಬ್ಬರ ಪಾಲಿಗೆ ನಾಲ್ವರಿಗಿಂತ ಜಾಸ್ತಿ ಓಟಗಾರರನ್ನು ಕೊಡಬಾರದು. ಉಳಿದ ಸುತ್ತನ್ನು ಗೆರೆಯ ಹತ್ತಿರ ತೋರಿಸಬೇಕು. ಕೊನೆಯ ಸುತ್ತಿಗೆ ಗಂಟೆ ಹೊಡೆಯಬೇಕು. ತಕರಾರು ಬಂದರೆ ರೆಫರಿ ಸಿಕ್ಕಿದ ಯಾವ ಸಾಕ್ಷಿಯನ್ನು ಬೇಕಾದರೂ ನೋಡಬಹುದು, ವಿಡಿಯೋ ಕೂಡ.

ನಮ್ಮ ಮೈದಾನಕ್ಕೆ ಟೋಕಿಯೊದ ಬೋರ್ಡ್ ಬೇಕು ಎಂದು ನಾನು ಕೇಳುತ್ತಿಲ್ಲ. ಕ್ಲಾಸಿನ ಒಂದು ಸ್ಲೇಟು, ಒಂದು ಚಾಕ್‌ಪೀಸು. 15, 14, 13 ಎಂದು ಬರೆದು ಎತ್ತಿ ಹಿಡಿಯಲು ಒಂದು ಮಗು. 11 ಹುಡುಗಿಯರಿಗೆ ಮೂರು ಜನ ಎಣಿಸುವವರು. ಅವರ ಹತ್ತಿರ ಯಾರೂ ಮಾತಾಡಲು ಹೋಗಬಾರದು ಎಂಬ ಒಂದು ಕಟ್ಟಪ್ಪಣೆ. ಇದಕ್ಕೆ ದುಡ್ಡು ಬೇಡ.

ಹಾಗಾದರೆ ಯಾಕೆ ಆಗುವುದಿಲ್ಲ? ನಾನು ಇಷ್ಟು ವರ್ಷ ನೋಡಿದ ಮಟ್ಟಿಗೆ ಕಾರಣ ಒಂದೇ. ಹುಡುಗಿಯರ ದೂರದ ಓಟ ಯಾರಿಗೂ ಬೇಕಾಗಿಲ್ಲ. 100 ಮೀಟರ್ ಓಟಕ್ಕೆ ಎಲ್ಲರೂ ಗೆರೆಯ ಹತ್ತಿರ ನೂಕಿಕೊಂಡು ನಿಲ್ಲುತ್ತಾರೆ. ರಿಲೇಗೆ ಚೆಂಡೆ ಬಡಿಯುತ್ತಾರೆ. 3000 ಮೀಟರ್ ಎಂದರೆ ಊಟದ ಹೊತ್ತಿಗೋ, ಶಾಮಿಯಾನ ಬಿಚ್ಚುವ ಹೊತ್ತಿಗೋ ಮುಗಿಸಿಬಿಡುವ ಕೆಲಸ. 'ಹುಡುಗಿಯರಿಗೆ ಇಷ್ಟು ಉದ್ದ ಯಾಕೆ, ಅರ್ಧದಲ್ಲಿ ಬಿಡುತ್ತಾರೆ' ಎಂದು ನನ್ನ ಎದುರಿಗೇ ಹೇಳಿದವರಿದ್ದಾರೆ.

ಆ ಮಾತಿಗೆ ನೂರು ವರ್ಷ ಆಗುತ್ತಾ ಬಂತು. 1928ರ ಆಮ್‌ಸ್ಟರ್‌ಡಾಂ ಒಲಿಂಪಿಕ್ಸಿನಲ್ಲಿ ಹೆಂಗಸರು ಮೊದಲ ಸಲ 800 ಮೀಟರ್ ಓಡಿದರು. ಜರ್ಮನಿಯ ಲೀನಾ ರಾಡ್ಕೆ ಗೆದ್ದರು. ಓಡಿದವರು ಸಾಲುಸಾಲಾಗಿ ಕುಸಿದುಬಿದ್ದರು ಎಂದು ಪತ್ರಿಕೆಗಳು ಬಣ್ಣ ಕಟ್ಟಿ ಬರೆದವು. ಓಡಿ ಸುಸ್ತಾದವರು ಗೆರೆ ದಾಟಿ ಕೂತರೆ ಅದಕ್ಕೆ ಕುಸಿದದ್ದು ಎನ್ನುತ್ತಾರೆಯೇ? ಗಂಡಸರೂ ಕೂರುತ್ತಾರೆ. ಆದರೆ ಆ ಸುದ್ದಿ ಸಾಕಾಯಿತು. 1960ರ ರೋಮ್‌ವರೆಗೆ ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ 800 ಮೀಟರ್ ಇರಲಿಲ್ಲ. 32 ವರ್ಷ. 3000 ಮೀಟರ್ ಬಂದದ್ದು 1984ರಲ್ಲಿ. 10,000 ಮೀಟರ್ ವಿಶ್ವ ಚಾಂಪಿಯನ್‌ಶಿಪ್‌ಗೆ 1987ರಲ್ಲಿ, ಒಲಿಂಪಿಕ್ಸಿಗೆ 1988ರಲ್ಲಿ. 5000 ಮೀಟರ್ 1996ರಲ್ಲಿ. ಅಡ್ಡಗಟ್ಟೆ, ನೀರಿನ ಹೊಂಡ ಹಾರಿ ಓಡುವ ಸ್ಟೀಪಲ್‌ಚೇಸ್ ಒಲಿಂಪಿಕ್ಸಿಗೆ 2008ರಲ್ಲಿ. ನಾನು ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ಒಲಿಂಪಿಕ್ಸಿನಲ್ಲೇ ಹೆಂಗಸರ 5000 ಮೀಟರ್ ಇರಲಿಲ್ಲ ಎಂದರೆ ನಮ್ಮ ಮಕ್ಕಳು ನಂಬುವುದಿಲ್ಲ.

ದೂರದ ಉದಾಹರಣೆ ಬೇಡ ಎಂದಾದರೆ ನಮ್ಮ ಕೇರಳದ್ದೇ, ನಮ್ಮ ದೇಶದ್ದೇ ಇದೆ. ಇಡುಕ್ಕಿಯ ಪ್ರೀಜಾ ಶ್ರೀಧರನ್ 2010ರ ಗ್ವಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ 10,000 ಮೀಟರ್ ಓಡಿ ಚಿನ್ನ ತಂದರು, 31 ನಿಮಿಷ 50.47 ಸೆಕೆಂಡ್. ಅವರ ಬೆನ್ನಿಗೇ ಬಂದು ಬೆಳ್ಳಿ ಗೆದ್ದದ್ದು ನಾಸಿಕ್ ಕಡೆಯ ಕವಿತಾ ರಾವುತ್. ವಯನಾಡಿನ ಒ.ಪಿ. ಜೈಶಾ 2006ರ ದೋಹಾ ಏಷ್ಯನ್ ಗೇಮ್ಸಿನಲ್ಲಿ 5000 ಮೀಟರಿಗೆ ಕಂಚು ತಂದರು. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಲಲಿತಾ ಬಾಬರ್ 2016ರ ರಿಯೊದಲ್ಲಿ ಸ್ಟೀಪಲ್‌ಚೇಸ್ ಫೈನಲ್ ಓಡಿ ಹತ್ತನೆಯವರಾದರು. ರಿಲೇ ಬಿಟ್ಟರೆ, 1984ರಲ್ಲಿ ಪಿ.ಟಿ. ಉಷಾ ಓಡಿದ ಮೇಲೆ ಒಲಿಂಪಿಕ್ಸಿನ ಟ್ರ್ಯಾಕ್ ಫೈನಲ್‌ಗೆ ಹೋದ ಮೊದಲ ಭಾರತೀಯ ಹೆಂಗಸು ಲಲಿತಾ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಮೀರತ್ ಕಡೆಯ ಪಾರುಲ್ ಚೌಧರಿ 5000 ಮೀಟರ್ ಗೆದ್ದರು. ಇವರೂ ಒಂದು ದಿನ ಯಾವುದೋ ಮಣ್ಣಿನ ಮೈದಾನದಲ್ಲಿ ಸುತ್ತು ಹಾಕುತ್ತಿದ್ದ ಶಾಲಾ ಹುಡುಗಿಯರೇ. ಅವತ್ತು ಯಾರೋ ಒಬ್ಬರು ಅವರ ಸುತ್ತನ್ನು ಸರಿಯಾಗಿ ಎಣಿಸಿದ್ದಾರೆ.

ಬಿಸಿಲಿನ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. 2019ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಹೆಂಗಸರ ಮ್ಯಾರಥಾನನ್ನು ಸೆಕೆಗೆ ಹೆದರಿ ನಡುರಾತ್ರಿ ಶುರು ಮಾಡಿದರು. ಆದರೂ 68 ಮಂದಿಯಲ್ಲಿ 28 ಮಂದಿಗೆ ಓಟ ಮುಗಿಸಲು ಆಗಲಿಲ್ಲ. ಅವರೆಲ್ಲ ಜಗತ್ತಿನ ಗಟ್ಟಿ ಓಟಗಾರ್ತಿಯರು. ನಮ್ಮ ಕರಾವಳಿಯ ಬೆವರಿನ ಸೆಕೆಯಲ್ಲಿ, ಹನ್ನೆರಡೂವರೆಗೆ, ಊಟ ಮಾಡಿದ ಮಕ್ಕಳನ್ನು ನಾವು ಓಡಿಸಿದೆವು. ಅತಿಥಿಗಳ ಭಾಷಣ ಮೂರೂವರೆಗೆ ನೆರಳಿನಲ್ಲಿ ನಡೆಯಿತು.

ಇನ್ನು ಭಾಷೆ. ದಯವಿಟ್ಟು ಇದನ್ನು ಮಲಯಾಳದ ಮೇಲಿನ ದೂರು ಎಂದು ಓದಬೇಡಿ. ನಮ್ಮ ಪಕ್ಕದ ಮನೆಯವರು ಮಲಯಾಳಿಗಳು. ನನಗೆ ಹೆರಿಗೆ ನೋವು ಬಂದ ರಾತ್ರಿ ಜೀಪು ಹಿಡಿದು ತಂದವರು ಅವರು. ಓಟಕ್ಕೆ ನಮ್ಮ ಹುಡುಗಿಯನ್ನು ಕರೆದುಕೊಂಡು ಹೋದದ್ದೂ ಮಲಯಾಳಿ ಮಗುವೇ ಎಂದು ಮೇಲೆ ಬರೆದಿದ್ದೇನೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ ಕಥೆಯನ್ನು ಇಲ್ಲಿ ಮತ್ತೆ ತೆಗೆಯಲು ನಾನು ಬಂದಿಲ್ಲ. ನಾನು ಕೇಳುವುದು ಇಷ್ಟೇ: ಮಲಯಾಳದಲ್ಲಿ ಹೇಳಿದ ಮಾತನ್ನು ಅದೇ ಮೈಕಿನಲ್ಲಿ ಕನ್ನಡದಲ್ಲೂ ಒಮ್ಮೆ ಹೇಳಿ. ಅರ್ಧ ನಿಮಿಷ ಸಾಕು. ಕೂಟಕ್ಕೆ ಬಂದ ಟೀಚರುಗಳಲ್ಲಿ ಎರಡೂ ಭಾಷೆ ಬರುವವರು ಹತ್ತು ಜನ ಸಿಗುತ್ತಾರೆ. ಹೊತ್ತು ಬದಲಾದರೆ ಕಾಲ್ ರೂಮಿನ ಬಾಗಿಲಿಗೆ ಎರಡೂ ಲಿಪಿಯಲ್ಲಿ ಬರೆದು ಅಂಟಿಸಿ. ನಮ್ಮ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಓದುವುದು ಯಾರೋ ಮಾಡಿದ ಉಪಕಾರದಿಂದಲ್ಲ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕು ಎಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗಳಿಗೆ ಅಹವಾಲು ಕೊಡಬಹುದು ಎಂದು 350ನೇ ವಿಧಿ ಹೇಳುತ್ತದೆ. ನನ್ನ ಕನ್ನಡದ ದೂರನ್ನು ವಾಪಸು ಕೊಟ್ಟವರಿಗೆ ಇದು ಗೊತ್ತಿರಲಿಲ್ಲ ಎಂದೇ ನಾನು ಅಂದುಕೊಳ್ಳುತ್ತೇನೆ. ಇನ್ನು ಮುಂದೆ ಗೊತ್ತಿರಲಿ. ಈ ಪತ್ರವನ್ನೂ ಅದೇ ಕಾರಣಕ್ಕೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹಾಗಾಗಿ ನನ್ನ ಕೋರಿಕೆ. ಮುಂದಿನ ಕೂಟದಿಂದಲೇ 800 ಮೀಟರಿಗಿಂತ ಉದ್ದದ ಎಲ್ಲ ಓಟಗಳಿಗೆ ಸಾಕಷ್ಟು ಎಣಿಸುವವರನ್ನು ನೇಮಿಸಿ, ಸ್ಲೇಟು ಮತ್ತು ಗಂಟೆ ಇಡಿ. ದೂರದ ಓಟಗಳನ್ನು ಬೆಳಿಗ್ಗೆ ಒಂಬತ್ತರೊಳಗೆ ಇಲ್ಲವೇ ಸಂಜೆ ನಾಲ್ಕರ ನಂತರ ಇಡಿ. ಅತಿಥಿಗಳು ಬರುತ್ತಾರೆ ಎಂದು ಅವನ್ನು ಎಳೆದಾಡಬೇಡಿ. ಅತಿಥಿಗಳು ಬೇಕಾದರೆ ಬಂದು ಓಟ ನೋಡಲಿ. ಕನ್ನಡದಲ್ಲಿ ಪ್ರಕಟಣೆ ಮಾಡಿ, ಕನ್ನಡದಲ್ಲಿ ಕೊಟ್ಟ ದೂರನ್ನು ತೆಗೆದುಕೊಳ್ಳಿ.

ಇನ್ನೊಂದು ಕೋರಿಕೆ ಈ ಮಕ್ಕಳಿಗಾಗಿ. ಫಲಿತಾಂಶ ಬದಲಿಸಿ, ಗೆದ್ದವಳ ಕೈಯಿಂದ ಕಿತ್ತುಕೊಂಡು ಇವಳಿಗೆ ಕೊಡಿ ಎಂದು ನಾನು ಕೇಳುವುದಿಲ್ಲ. ದೊಡ್ಡವಳೂ ಅದನ್ನು ಒಪ್ಪುವುದಿಲ್ಲ, ಕೇಳಿ ನೋಡಿದ್ದೇನೆ. ಆದರೆ ಆ ವಿಡಿಯೋವನ್ನು ಒಮ್ಮೆ ಕೂತು ನೋಡಿ. ಎಣಿಕೆ ತಪ್ಪಿತ್ತು ಎಂದು ನಿಮಗೂ ಅನಿಸಿದರೆ, 11 ಮಕ್ಕಳ ಶಾಲೆಗಳಿಗೂ ಒಂದೊಂದು ಕಾಗದ ಕಳಿಸಿ. ಅದರಲ್ಲಿ ಒಂದೇ ಸಾಲು ಸಾಕು: ಆ ದಿನ ನೀವು ಓಡಿದ್ದು 15 ಸುತ್ತಲ್ಲ, 16 ಸುತ್ತು. ಹೆಸರಿಗೆ ಗೆರೆ ಎಳೆಸಿಕೊಂಡ ಚಿಕ್ಕವಳಿಗೆ ಮುಂದಿನ ವರ್ಷ ಮೊದಲು ಅವಳ ಹೆಸರು ಕರೆದು, ಬಂದಿದ್ದೀಯಾ ಎಂದು ಕನ್ನಡದಲ್ಲಿ ಕೇಳಿ.

ಎಣಿಸಲು ಜನ ಸಾಲುವುದಿಲ್ಲ ಎಂದಾದರೆ ನಮ್ಮನ್ನು ಕರೆಯಿರಿ. ನಮ್ಮ ಶಾಲೆಯಿಂದ ನಾನು ಬರುತ್ತೇನೆ, ಸುತ್ತಮುತ್ತಲಿನ ಶಾಲೆಗಳ ಇನ್ನೂ ನಾಲ್ವರು ಟೀಚರುಗಳು ಬರುತ್ತೇವೆ ಎಂದು ಒಪ್ಪಿದ್ದಾರೆ. ಇಬ್ಬರು ಮಲಯಾಳ ಮಾಧ್ಯಮದವರು. ಯಾವ ಶಾಲೆಯ ಮಗುವಿಗೆ ಬೇಕಾದರೂ ಎಣಿಸುತ್ತೇವೆ, ಸಂಭಾವನೆ ಬೇಡ. ಸ್ಲೇಟನ್ನೂ ನಾವೇ ತರುತ್ತೇವೆ. ದೊಡ್ಡವಳು ನಿನ್ನೆ ಸಂಜೆಯಿಂದ ಮತ್ತೆ ಓಡಲು ಬಂದಿದ್ದಾಳೆ. ಓಡುವ ಹೊತ್ತಿಗೆ ಕಾಯಿಯನ್ನು ಈಗ ಚಿಕ್ಕವಳ ಕೈಯಲ್ಲಿ ಕೊಡುತ್ತೇನೆ. ಒಬ್ಬಳು ಓಡುವಾಗ ಇನ್ನೊಬ್ಬಳು ಎಣಿಸುತ್ತಾಳೆ.

ನಿಮ್ಮ ಉತ್ತರಕ್ಕೆ ಕಾಯುತ್ತೇನೆ.

ಇತಿ,
ಗಡಿನಾಡು ಕಾಸರಗೋಡಿನ ಒಬ್ಬ ಗಣಿತ ಟೀಚರ್